ನೆರಳು ಯಾರ ಪಾಲಿಗೆ?

2019ರ ಮೇ ತಿಂಗಳಲ್ಲಿ ನೇತ್ರಾವತಿ ಎಷ್ಟು ಬತ್ತಿತ್ತೆಂದರೆ, ಯಾತ್ರೆಯನ್ನು ಕೆಲವು ದಿನ ಮುಂದೂಡಿ ಎಂದು ಧರ್ಮಸ್ಥಳದ ಧರ್ಮಾಧಿಕಾರಿಗಳೇ ಭಕ್ತರನ್ನು ಕೇಳಿಕೊಳ್ಳಬೇಕಾಯಿತು. ಅದೇ ಬೇಸಿಗೆಯಲ್ಲಿ ಬಂಟ್ವಾಳ ತಾಲೂಕಿನ ತುಂಬೆ ಅಣೆಕಟ್ಟಿನಲ್ಲಿ ನೀರು ಸಾಲದೆ ಮಂಗಳೂರಿಗೆ ಸರದಿಯ ಮೇಲೆ ನೀರು ಬಿಡಲಾಯಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟಿನ ಎರಡನೆಯ ವಾರದಲ್ಲಿ, ಅದೇ ನದಿಗೆ ನೀರುಣಿಸುವ ಹೊಳೆಗಳು ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ, ಮಲವಂತಿಗೆ, ಮಿತ್ತಬಾಗಿಲಿನ ಕಡೆ ಮನೆ, ತೋಟ, ಸೇತುವೆಗಳ ಮೇಲೆ ಹರಿದವು. ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿಯಿತು. ಕೆಳಗೆ ಬಂಟ್ವಾಳದ ತಗ್ಗು ಜಾಗಗಳಲ್ಲಿ ಜನ ಮನೆ ಬಿಟ್ಟು ಹೊರಡಬೇಕಾಯಿತು. ಬಂಟ್ವಾಳಕ್ಕೆ ನೆರೆ ಹೊಸತಲ್ಲ. 1923ರ ‘ಮಾರಿ ಬೊಳ್ಳ’ವನ್ನೂ 1974ರ ನೆರೆಯನ್ನೂ ಹಳಬರು ಈಗಲೂ ಕಾಲಗಣನೆಗೆ ಬಳಸುತ್ತಾರೆ. ಹೊಸತೆಂದರೆ ಒಂದೇ ವರ್ಷದೊಳಗೆ ಕೊಡ ಹಿಡಿದು ನಿಲ್ಲುವುದು, ಅದೇ ಕೊಡ ತೇಲಿಹೋಗುವುದು ಎರಡೂ ಆಗುವುದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಪೇಟೆಗಳ ಸಾರ್ವಜನಿಕ ಜಾಗಗಳ ಮೇಲೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ಹೇಳಿದರೆ ಹೆಚ್ಚಿನವರು ಕೇಳುವುದು ಒಂದೇ: “ಪಾರ್ಕಿನ ಮೇಲೆ ಪಿಎಚ್.ಡಿ.ಯಾ?” ಈ ನಗುವಿನೊಳಗೆ ಒಂದು ಗಂಭೀರ ಆಕ್ಷೇಪ ಇದೆ. ಮನೆ ನಿವೇಶನಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ತಾಲೂಕು ಕಚೇರಿಗೆ ಅಲೆಯುವವರು ಇರುವಾಗ, ಅವರ ಓಣಿಗೆ ಒಂದು ಉದ್ಯಾನ ಮಾಡಿಕೊಡೋಣ ಎನ್ನುವುದು ಹಸಿದವನಿಗೆ ಹೂ ಕೊಟ್ಟಂತಲ್ಲವೇ? ದಕ್ಷಿಣ ಕನ್ನಡದಲ್ಲಿ ಈ ಪ್ರಶ್ನೆಗೆ ತುಂಬ ನಿರ್ದಿಷ್ಟವಾದ ರೂಪ ಇದೆ. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಕಾದಿರಿಸಿದ ‘ಡಿ.ಸಿ. ಮನ್ನಾ’ ಭೂಮಿಯನ್ನು ಅರ್ಹರಿಗೆ ಹಂಚಿ ಎಂದು ಬಂಟ್ವಾಳ, ಬೆಳ್ತಂಗಡಿಗಳ ದಲಿತ ಸಂಘಟನೆಗಳು ಇಂದಿಗೂ ಸಭೆಸಭೆಯಲ್ಲಿ ಕೇಳುತ್ತಲೇ ಇವೆ. ಅಂಥ ಒಂದು ತುಂಡು ಜಾಗದ ನಡುವೆ ನಿಂತು ‘ಇಲ್ಲಿ ಸಾರ್ವಜನಿಕ ಉದ್ಯಾನ’ ಎಂದು ನಕ್ಷೆ ಬರೆಯುವವನ ಪೆನ್ನು ನಡುಗಬೇಕು.

ಆಕ್ಷೇಪವನ್ನು ಪೂರ್ತಿ ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಮನೆಯ ಜಾಗವನ್ನು ಕಸಿದು ಮಾಡುವ ಉದ್ಯಾನ ಎಷ್ಟೇ ಹಸಿರಾಗಿದ್ದರೂ ಅನ್ಯಾಯವೇ. ಆದರೆ ಈ ಆಕ್ಷೇಪದ ಒಳಗೆ ಒಂದು ಊಹೆ ಅಡಗಿದೆ: ಮನೆ ಅಗತ್ಯ, ನೆರಳು ಅಲಂಕಾರ. ಇದು ನಿಜವೇ ಎಂದು ನೋಡಬೇಕು.

ತುಳುನಾಡಿನ ರೈತ ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ನೀರಿನ ಲೆಕ್ಕದಲ್ಲಿ ವಿಂಗಡಿಸಿದ. ನೀರು ನಿಲ್ಲುವ ತಗ್ಗು ಬೈಲು, ನಡುವಣದು ಮಜಲು, ಮಳೆಯನ್ನೇ ನಂಬಿದ್ದು ಬೆಟ್ಟು. ಅದರಾಚೆಗೆ ಮುರಕಲ್ಲಿನ ಬೋಳು ಪದವು. ಈ ನೆಲದಲ್ಲಿ ಯಾರು ಎಲ್ಲಿದ್ದಾರೆ ಎಂದು ನೋಡಿದರೆ ಒಂದು ಕ್ರಮ ಕಾಣುತ್ತದೆ. ತೋಟ, ಬಾವಿ, ಹಲಸಿನ ಮರ ಇರುವ ಹಳೆಯ ಮನೆಗಳು ನಡುವಿನಲ್ಲಿ. ಸರಕಾರ ಹಂಚಿದ ಐದು ಸೆಂಟ್ಸ್ ಕಾಲನಿಗಳು ಹೆಚ್ಚಾಗಿ ಯಾರಿಗೂ ಬೇಡವಾದ ಪದವಿನ ಮೇಲೆ, ಗುಡ್ಡದ ಓರೆಯಲ್ಲಿ. ಬಾಡಿಗೆ ಕಡಿಮೆ ಇರುವ ಸಾಲುಮನೆಗಳು ಹೊಳೆಯ ಬದಿಯಲ್ಲಿ, ನೆರೆ ಬಂದರೆ ಮೊದಲು ಸುದ್ದಿಯಾಗುವ ಪಾಣೆಮಂಗಳೂರಿನ ಆಲಡ್ಕದಂಥ ಕಡೆ. ಕೆಲವರು ಬಿಸಿಲಿನ ತುದಿಯಲ್ಲಿ, ಕೆಲವರು ನೀರಿನ ತುದಿಯಲ್ಲಿ. ಹವಾಮಾನ ಎರಡು ಕಡೆಯಿಂದ ಬಿಗಿಯಾಗುತ್ತಿರುವಾಗ ಎರಡೂ ತುದಿಗಳಲ್ಲಿರುವುದು ಬಡವರೇ. ಇದು ಪ್ರಕೃತಿಯ ವಿಕೋಪ ಮಾತ್ರವಲ್ಲ, ನೆಲವನ್ನು ಹಂಚಿದ ರೀತಿ.

ಕರಾವಳಿಯ ಸೆಕೆಯ ಬಗ್ಗೆಯೂ ಒಂದು ಮಾತು. ಭಾರತೀಯ ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ ಉಷ್ಣ ಅಲೆಯನ್ನು ಪರಿಗಣಿಸಲು ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ತಲುಪಿರಬೇಕು ಎನ್ನುತ್ತದೆ. ಕರಾವಳಿಗೆ ಆ ಮಿತಿ 37 ಡಿಗ್ರಿ. ಕಾರಣ ಸರಳ. ಮೈ ತಣಿಯುವುದು ಬೆವರು ಆರುವುದರಿಂದ. ಗಾಳಿಯೇ ಒದ್ದೆಯಾಗಿರುವಾಗ ಬೆವರು ಆರುವುದಿಲ್ಲ, ಇಳಿಯುತ್ತದೆ ಅಷ್ಟೇ. ಆಗ ಮೈಗೆ ಬೇಕಾದದ್ದು ಎರಡು: ನೇರ ಬಿಸಿಲಿನಿಂದ ಮರೆ ಮತ್ತು ಓಡಾಡುವ ಗಾಳಿ. ಸಿಮೆಂಟ್ ಶೀಟಿನ ಮಾಡಿನ ಕೆಳಗೆ ಎರಡೂ ಇಲ್ಲ. ಏಪ್ರಿಲಿನ ಮಧ್ಯಾಹ್ನ ಎರಡು ಗಂಟೆಗೆ ಅಂಥ ಮನೆಯ ಒಳಗಿರುವುದಕ್ಕಿಂತ ಹೊರಗಿರುವುದೇ ವಾಸಿ. ಆದರೆ ಹೊರಗೆ ಎಲ್ಲಿ?

ಬಂಟ್ವಾಳ ತಾಲೂಕಿನ ಒಂದು ಕಾಲನಿಯಲ್ಲಿ ಈ ಪ್ರಶ್ನೆಯನ್ನು ಒಬ್ಬರು ಅಮ್ಮನ ಮುಂದಿಟ್ಟೆ. ಐವತ್ತು ದಾಟಿದವರು, ತಡ್ಪೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಸಂಜೆ ಬ್ರಾಂಚಿಗೆ ಕೊಡಬೇಕಾದ ಲೆಕ್ಕ ಇತ್ತು. ನನ್ನ ಜತೆ ಮಾತಾಡುವಾಗಲೂ ಬೆರಳು ನಿಲ್ಲಲಿಲ್ಲ. ಇಲ್ಲಿ ಹತ್ತಿರ ಒಂದು ಪಾರ್ಕ್ ಆದರೆ ಹೇಗೆ ಅಮ್ಮ, ಎಂದೆ.

“ಪಾರ್ಕ್ ಬೇಡ ಅಂತ ಅಲ್ಲ ಮಗ. ಅಲ್ಲಿ ನಮಗೆಂತ ಕೆಲಸ? ಕೂತರೆ ಬೀಡಿ ಆಗ್ತದಾ?”

ಅಲ್ಲೇ ಕೂತು ಬೀಡಿ ಕಟ್ಟಬಹುದಲ್ಲ, ಮರದ ಗಾಳಿಗೆ ತಂಪಿರುತ್ತದೆ, ಎಂದೆ.

“ಗಾಳಿಗೆ ಹೊಗೆಸೊಪ್ಪಿನ ಪುಡಿ ಹಾರ್ತದೆ. ಮನೆಯಲ್ಲಿ ಫ್ಯಾನ್ ಉಂಟು, ಹಾಕುವುದಿಲ್ಲ ನಾನು. ಹಾಕಿದರೆ ಎಲೆ ಒಣಗ್ತದೆ, ಪುಡಿ ಎಲ್ಲ ನೆಲಕ್ಕೆ.”

ಉದ್ಯಾನ ವಿನ್ಯಾಸದ ಪುಸ್ತಕಗಳಲ್ಲಿ ಗಾಳಿಯ ದಿಕ್ಕಿನ ಬಗ್ಗೆ ಅಧ್ಯಾಯಗಳಿವೆ. ಗಾಳಿ ಬೇಕೂ ಬೇಕು, ಬಂದರೆ ಕೂಲಿಯೇ ಹಾರಿಹೋಗುತ್ತದೆ ಎನ್ನುವ ಮೈಯ ಬಗ್ಗೆ ನಾನು ಎಲ್ಲೂ ಓದಿಲ್ಲ. ಈ ಮೂರೂ ತಾಲೂಕುಗಳಲ್ಲಿ ಸಾವಿರಾರು ಹೆಂಗಸರ ಕೆಲಸದ ಜಾಗ ಇಂಥ ಜಗಲಿಗಳೇ. ಅವರಿಗೆ ಬೇಕಾದದ್ದು ತಲೆಯ ಮಟ್ಟದಲ್ಲಿ ಗಾಳಿ ಆಡುವ, ಕೂತವರ ಮಡಿಲಿನ ಮಟ್ಟದಲ್ಲಿ ಮೋಟುಗೋಡೆಯ ಮರೆ ಇರುವ, ಮೇಲೆ ದಟ್ಟ ಮರ ಅಥವಾ ಹಂಚಿನ ಮಾಡು ಇರುವ ಒಂದು ಕಟ್ಟೆ. ಕಟ್ಟಲು ಕಷ್ಟದ್ದೇನೂ ಅಲ್ಲ, ಖರ್ಚಿನದೂ ಅಲ್ಲ. ಕೇಳದೆ ಇದ್ದರೆ ಮಾತ್ರ ಅದು ಯಾರಿಗೂ ಹೊಳೆಯುವುದಿಲ್ಲ. ಹಿಂದುಳಿದ ಬಡಾವಣೆಯ ಉದ್ಯಾನಕ್ಕೆ ‘ಅಲ್ಲಿನವರ ಅಭಿಪ್ರಾಯ ಪಡೆಯಬೇಕು’ ಎನ್ನುವುದು ಸೌಜನ್ಯದ ಮಾತಲ್ಲ. ಅವರಿಗೆ ಗೊತ್ತಿರುವುದು ನಮಗೆ ಗೊತ್ತಿಲ್ಲ, ಅಷ್ಟೇ.

ನಮ್ಮ ಪೇಟೆಗಳಲ್ಲಿ ಪಾರ್ಕ್ ಎಂದರೆ ಏನು? ಎತ್ತರದ ಆವರಣ ಗೋಡೆ, ಮುಖ್ಯರಸ್ತೆಗೆ ಮುಖಮಾಡಿದ ಒಂದೇ ಗೇಟು, ನಡೆಯಲು ಇಂಟರ್‌ಲಾಕ್, ನಡುವೆ ಹುಲ್ಲುಹಾಸು, ವ್ಯಾಯಾಮದ ಕಬ್ಬಿಣದ ಯಂತ್ರಗಳು, ಸಮಯದ ಬೋರ್ಡು. ಗೋಡೆ ಗಾಳಿಯನ್ನು ತಡೆಯುತ್ತದೆ. ಇಂಟರ್‌ಲಾಕ್ ಹಗಲಿಡೀ ಕಾದು ರಾತ್ರಿಯವರೆಗೆ ಬಿಸಿ ಉಗುಳುತ್ತದೆ, ಮಳೆಯಲ್ಲಿ ನೀರನ್ನು ನೆಲಕ್ಕಿಳಿಯಲು ಬಿಡದೆ ಚರಂಡಿಗೆ ದಾಟಿಸುತ್ತದೆ. ಹುಲ್ಲಿಗೆ ಎಲ್ಲಕ್ಕಿಂತ ಹೆಚ್ಚು ನೀರು ಬೇಕಾಗುವುದು ನಳ್ಳಿಯಲ್ಲಿ ನೀರು ಬಾರದ ಏಪ್ರಿಲಿನಲ್ಲೇ. ಇನ್ನು ಆ ಬೋರ್ಡು. ಬೆಂಗಳೂರಿನಲ್ಲಿ ಬಹುಕಾಲ ಪಾಲಿಕೆಯ ಉದ್ಯಾನಗಳು ಬೆಳಿಗ್ಗೆ ಹತ್ತರ ಹೊತ್ತಿಗೆ ಮುಚ್ಚಿ ಮಧ್ಯಾಹ್ನದ ಮೇಲೆ ತೆರೆಯುತ್ತಿದ್ದವು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಆದೇಶವಾಯಿತು. ಹಳೆಯ ವೇಳಾಪಟ್ಟಿಯನ್ನು ಯಾರೂ ಕೆಟ್ಟ ಮನಸ್ಸಿನಿಂದ ಬರೆದಿರಲಿಕ್ಕಿಲ್ಲ. ಆದರೆ ಅದನ್ನು ಬರೆದ ಮನಸ್ಸಿನಲ್ಲಿದ್ದವನು ಬೆಳಿಗ್ಗೆ ನಡೆದು, ಹಗಲು ಫ್ಯಾನಿನ ಕೆಳಗೆ ಕೆಲಸ ಮಾಡಿ, ಸಂಜೆ ಮಕ್ಕಳೊಡನೆ ಬರುವ ನಾಗರಿಕ. ಮೀನಿನ ಬುಟ್ಟಿ ಇಳಿಸಿ ಹತ್ತು ನಿಮಿಷ ಕೂರಬೇಕಾದವಳಿಗೆ, ಊಟ ತಲುಪಿಸುವ ಹುಡುಗನಿಗೆ, ಗಾರೆ ಕೆಲಸದವನಿಗೆ ನೆರಳು ಬೇಕಾದ ಹೊತ್ತೇ ಗೇಟಿಗೆ ಬೀಗ ಬೀಳುವ ಹೊತ್ತಾಗಿತ್ತು.

ಈಗ ಆ ಊಹೆಗೆ ಮರಳುತ್ತೇನೆ: ಮನೆ ಮೊದಲು, ನೆರಳು ಆಮೇಲೆ. ಕಾಲನಿಗಳ ಅಂಗಳಗಳನ್ನು ನೋಡುತ್ತಾ ಹೋದರೆ ಎಲ್ಲೆಡೆ ಬಸಳೆ ಚಪ್ಪರ ಕಾಣುತ್ತದೆ. ನುಗ್ಗೆ, ಪಪ್ಪಾಯಿ, ಬಾಳೆ ಕಾಣುತ್ತವೆ. ಹಲಸು ಕಾಣುವುದು ಅಪರೂಪ. ಬೆಂಗಳೂರಿನ ಕೊಳೆಗೇರಿಗಳ ಗಿಡಮರಗಳನ್ನು ಅಧ್ಯಯನ ಮಾಡಿದ ದಿವ್ಯಾ ಗೋಪಾಲ್ ಮತ್ತು ಹರಿಣಿ ನಾಗೇಂದ್ರ ಅವರು ಕಂಡದ್ದೂ ಹೆಚ್ಚುಕಡಿಮೆ ಇದೇ: ಮರಗಳು ಕಡಿಮೆ, ಇರುವವು ನುಗ್ಗೆಯಂಥ ಉಪಯೋಗದ ಮರಗಳು. ಇದು ಜಾಗದ ಕೊರತೆ ಮಾತ್ರವಲ್ಲ. ‘94ಸಿ’ ಅರ್ಜಿ ಕೊಟ್ಟು ಹಕ್ಕುಪತ್ರಕ್ಕೆ ಕಾಯುತ್ತಿರುವವನು ಆರು ತಿಂಗಳಲ್ಲಿ ಫಲ ಕೊಡುವುದನ್ನು ನೆಡುತ್ತಾನೆ, ಇಪ್ಪತ್ತು ವರ್ಷದಲ್ಲಿ ನೆರಳು ಕೊಡುವುದನ್ನು ನೆಡುವುದಿಲ್ಲ. ಮರ ನೆಡುವುದೆಂದರೆ ‘ನಾನು ಇಲ್ಲೇ ಇರುತ್ತೇನೆ’ ಎಂದು ನಂಬುವುದು. ಆ ನಂಬಿಕೆಗೆ ಕಾಗದ ಬೇಕು. ಕಾಗದ ಸಿಕ್ಕಿದ ಮೇಲೂ ಐದು ಸೆಂಟ್ಸ್ ಎಂದರೆ ಎರಡು ಸಾವಿರದ ಇನ್ನೂರು ಚದರಡಿಗೆ ತುಸು ಕಡಿಮೆ. ಅದರಲ್ಲಿ ಮನೆ, ಪಾಯಿಖಾನೆಯ ಗುಂಡಿ, ಮುಂದೆ ಮದುವೆಯಾಗುವ ಮಗನಿಗೊಂದು ಕೋಣೆ. ಹಲಸಿನ ಬೇರಿಗೆ ಅಲ್ಲಿ ಎಡೆಯಿಲ್ಲ. ತೋಟ ಇರುವವನಿಗೆ ನೆರಳು ಆಸ್ತಿಯ ಜತೆಗೇ ಬರುತ್ತದೆ. ಆತ ಅದನ್ನು ಸೌಲಭ್ಯವೆಂದು ಎಣಿಸುವುದೇ ಇಲ್ಲ. ಇಲ್ಲದವನಿಗೆ ಅದು ಹಂಚಿಕೊಂಡ ನೆಲದಲ್ಲಿ ಮಾತ್ರ ಸಾಧ್ಯ. ಹಾಗಾಗಿ ಉದ್ಯಾನ ಮನೆಯ ನಂತರ ಬರುವ ಅಲಂಕಾರವಲ್ಲ. ಐದು ಸೆಂಟ್ಸಿನೊಳಗೆ ಹಿಡಿಸದೆ ಹೋದ ಮನೆಯ ಉಳಿದ ಭಾಗ ಅದು.

ಕೂಲಿ ಕೆಲಸ ಮಾಡಿಕೊಂಡಿದ್ದ ಸಾಲುಮರದ ತಿಮ್ಮಕ್ಕ ಮತ್ತವರ ಗಂಡ ಹುಲಿಕಲ್ ಮತ್ತು ಕುದೂರಿನ ನಡುವೆ 385 ಆಲದ ಸಸಿ ನೆಟ್ಟದ್ದು ರಸ್ತೆಯ ಬದಿಯಲ್ಲಿ ಎಂಬುದನ್ನು ನಾವು ಸಾಕಷ್ಟು ಯೋಚಿಸಿಲ್ಲ. ಅವರನ್ನು ಮಕ್ಕಳಿಲ್ಲದ ತಾಯಿಯೆಂದು ಕೊಂಡಾಡಿದೆವು. ಆದರೆ ಅವರ ಕೆಲಸದಲ್ಲಿ ಒಂದು ರಾಜಕೀಯ ತತ್ವವೂ ಇತ್ತು. ಆಲದಷ್ಟು ದೊಡ್ಡದನ್ನು, ಆಲದಷ್ಟು ದೀರ್ಘವಾದದ್ದನ್ನು ಬಡವರು ನೆಡಬಹುದಾದ ಜಾಗ ಸಾರ್ವಜನಿಕ ಜಾಗ ಒಂದೇ. ಕೊನೆಗೆ ರಸ್ತೆ ಅಗಲೀಕರಣದ ಮಾತು ಬಂದಾಗ ಆ ಮರಗಳನ್ನು ಉಳಿಸಿ ಎಂದು ಅವರೇ ಸರಕಾರದ ಮುಂದೆ ಕೇಳಬೇಕಾಯಿತು. ಸಾರ್ವಜನಿಕವಾದದ್ದೂ ತಾನಾಗಿ ಭದ್ರವಲ್ಲ.

ಇಲ್ಲಿ ನಮ್ಮ ಪರಂಪರೆಯನ್ನು ನೆನೆದು ಸಮಾಧಾನಪಡುವುದು ಸುಲಭ. ನಮ್ಮಲ್ಲಿ ಅಶ್ವತ್ಥಕಟ್ಟೆ ಇತ್ತು, ನಾಗಬನ ಇತ್ತು, ದೇವಸ್ಥಾನದ ಕೆರೆ ಇತ್ತು. ಪಾರ್ಕ್ ಎನ್ನುವುದು ಪರದೇಶದ ಮಾತು, ಎನ್ನಬಹುದು. ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂಬ ಮಾತೇ ಇದೆ. 1430ರಲ್ಲಿ ಸಾವಿರ ಕಂಬದ ಬಸದಿ ಕಟ್ಟಿದ ಊರಿಗೆ ನೀರನ್ನು ಊರಿನ ನಡುವೆ ಹಿಡಿದಿಡುವುದು ಗೊತ್ತಿತ್ತು. ಈ ತಿಳಿವಳಿಕೆ ನಿಜ, ಇವತ್ತಿಗೂ ಬೇಕಾದದ್ದು. ಕಾಂಕ್ರೀಟು ಹಾಕದೆ ಉಳಿದ ಒಂದು ನಾಗಬನದ ಒಳಗೂ ಹೊರಗೂ ಸೆಕೆಯಲ್ಲಿರುವ ವ್ಯತ್ಯಾಸವನ್ನು ತಿಳಿಯಲು ಉಪಕರಣ ಬೇಡ, ಮೈ ಸಾಕು.

ಆದರೆ ಆ ಕಟ್ಟೆಯ ಮೇಲೆ ಯಾರು ಕೂರಬಹುದಿತ್ತು? ಆ ಕೆರೆಗೆ ಯಾರು ಇಳಿಯಬಹುದಿತ್ತು? ಕನ್ನಡದಲ್ಲಿ ಮರದ ಕೆಳಗಿನ ತಂಪಿಗೂ ಮನುಷ್ಯನ ಮೈಯಿಂದ ನೆಲಕ್ಕೆ ಬೀಳುವ ಕಪ್ಪಿಗೂ ಒಂದೇ ಮಾತು: ನೆರಳು. ಮರದ ನೆರಳನ್ನು ಪುಣ್ಯವೆಂದ ಸಮಾಜವೇ ಕೆಲವರ ಮೈಯ ನೆರಳನ್ನು ಮೈಲಿಗೆಯೆಂದಿತು. ಕೊರಗ ಸಮುದಾಯದ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಅಂದರೆ ಇದು ನನ್ನ ತಲೆಮಾರು ಹುಟ್ಟಿದ ಮೇಲಿನ ಮಾತು. ನಾಗಬನದಿಂದ ಮರಗಳ ಪಾಠ ಕಲಿಯೋಣ, ಕಟ್ಟೆಯಿಂದ ಕೂರುವ ಪಾಠ ಕಲಿಯೋಣ. ಯಾರನ್ನು ಒಳಗೆ ಬಿಡಬೇಕು ಎಂಬ ಪಾಠಕ್ಕೆ ಅವು ಗುರುಗಳಲ್ಲ. ಸಂವಿಧಾನದ 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕ ತಾಣಗಳನ್ನು ಒಂದೊಂದಾಗಿ ಹೆಸರಿಸಿ ಎಲ್ಲರಿಗೂ ತೆರೆಯಿತು. ನನ್ನ ಮಟ್ಟಿಗೆ ನಮ್ಮ ಉದ್ಯಾನಗಳ ವಂಶಾವಳಿ ಶುರುವಾಗಬೇಕಾದದ್ದು ಅಲ್ಲಿಂದ.

ಹೊರಗಿನ ಉದಾಹರಣೆಗಳೂ ಎರಡು ಬಗೆಯವು. ಬ್ಯಾಂಕಾಕಿನಲ್ಲಿ 2017ರಲ್ಲಿ ತೆರೆದ ಚುಲಲಾಂಗ್‌ಕಾರ್ನ್ ಶತಮಾನೋತ್ಸವ ಉದ್ಯಾನ ಹನ್ನೊಂದು ಎಕರೆಯಷ್ಟಿದೆ. ಇಡೀ ಉದ್ಯಾನವನ್ನೇ ಸ್ವಲ್ಪ ಓರೆಯಾಗಿಸಿ, ಮಳೆನೀರು ಇಳಿದು ತಗ್ಗಿನ ಕೊಳದಲ್ಲಿ ನಿಲ್ಲುವಂತೆ ಮಾಡಿದ್ದಾರೆ. ಸುಮಾರು ಮೂವತ್ತೆಂಟು ಲಕ್ಷ ಲೀಟರ್ ನೀರನ್ನು ಅದು ಹಿಡಿಯಬಲ್ಲದು. ಇದನ್ನು ಓದಿದಾಗ ನನಗೆ ನಮ್ಮ ಮದಕ ನೆನಪಾಯಿತು. ಗುಡ್ಡದ ತಗ್ಗಿಗೆ ಮಣ್ಣಿನ ಕಟ್ಟೆ ಹಾಕಿ ಮಳೆ ನಿಲ್ಲಿಸಿ, ಕೆಳಗಿನ ಬಾವಿಗಳಲ್ಲಿ ಬೇಸಿಗೆಯವರೆಗೆ ನೀರು ಉಳಿಸುವ ಆ ಹಳೆಯ ಉಪಾಯಕ್ಕೆ ಸುತ್ತ ಹೊಂಗೆ, ನೇರಳೆ, ರೆಂಜೆ ಸೇರಿಸಿದರೆ ಅದೇ ಉದ್ಯಾನ. ಇನ್ನೊಂದು ಬಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನದು. ಜಗತ್ತೇ ಮೆಚ್ಚುವ ಆ ಉದ್ಯಾನಕ್ಕಾಗಿ 1857ರ ಹೊತ್ತಿಗೆ ಸೆನೆಕಾ ವಿಲೇಜ್ ಎಂಬ ಊರನ್ನು ತೆರವು ಮಾಡಿದರು. ಅಲ್ಲಿ ಹೆಚ್ಚಿನವರು ಕಪ್ಪು ಜನ. ಹಲವರು ಸ್ವಂತ ಜಮೀನು, ಮನೆ ಮಾಡಿಕೊಂಡವರು. ಎಲ್ಲರಿಗಾಗಿ ಎಂದು ಮಾಡಿದ್ದರಿಂದ ಹೊರಬಿದ್ದವರು ಯಾರು ಎಂದು ಲೆಕ್ಕ ತೆಗೆಯಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಇದು ನಮಗೆ ದೂರದ ಕತೆಯಲ್ಲ. ನಾಳೆ ನೇತ್ರಾವತಿಯ ದಂಡೆಯನ್ನು ‘ಅಭಿವೃದ್ಧಿ’ ಮಾಡಿ, ನಡಿಗೆದಾರಿ, ದೀಪ, ಬೆಂಚು ಹಾಕಿದರೆ, ನೆರೆಯ ಭಯಕ್ಕೆ ಅಗ್ಗವಾಗಿದ್ದ ಬಾಡಿಗೆ ನೋಟದ ಆಸೆಗೆ ಏರುತ್ತದೆ. ಯಾರ ಮನೆಗೆ ನೀರು ನುಗ್ಗುತ್ತದೆಂದು ಉದ್ಯಾನ ಮಾಡಿದೆವೋ ಅವರೇ ಇನ್ನೊಂದು ತಗ್ಗು ಹುಡುಕಿಕೊಂಡು ಹೋಗುತ್ತಾರೆ. ಯಾರನ್ನೂ ಒಕ್ಕಲೆಬ್ಬಿಸದೆಯೇ ಒಕ್ಕಲೆಬ್ಬಿಸುವ ದಾರಿ ಇದು. ಇದಕ್ಕೆ ವಿನ್ಯಾಸದಲ್ಲಿ ಪರಿಹಾರ ಇಲ್ಲ, ಕ್ರಮದಲ್ಲಿ ಇದೆ: ಮೊದಲು ಹಕ್ಕುಪತ್ರ, ಆಮೇಲೆ ಸಸಿ.

ಜಾಗ ಎಲ್ಲಿಂದ ಎಂಬ ಪ್ರಶ್ನೆಗೂ ಇದೇ ಕ್ರಮದಲ್ಲಿ ಉತ್ತರ ಹುಡುಕಬೇಕು. ನಿವೇಶನಕ್ಕೆ ಯೋಗ್ಯವಾದ ಜಾಗ ನಿವೇಶನಕ್ಕೇ ಹೋಗಲಿ. ನೆರೆ ನಿಲ್ಲುವ, ಮನೆ ಕಟ್ಟಬಾರದ ಹೊಳೆಯಂಚು ಇದೆ. ಅಲ್ಲಿ ಬೇರು ಮುಳುಗಿದರೂ ತಾಳುವ ಹೊಳೆಮತ್ತಿ, ಹೊಂಗೆ ಬೆಳೆಯಲಿ. ಕಚೇರಿಗಳ ಸುತ್ತ ಬೀಗ ಹಾಕಿದ ಬಯಲುಗಳಿವೆ. ರಜೆಯಲ್ಲಿ ಮುಚ್ಚಿರುವ ಶಾಲೆಯ ಅಂಗಳಗಳಿವೆ. ಸೆಕೆ ಅತಿಯಾಗುವುದೂ ಆ ಎರಡು ತಿಂಗಳಲ್ಲೇ. 1985ರ ಕರ್ನಾಟಕ ಉದ್ಯಾನ, ಆಟದ ಬಯಲು ಮತ್ತು ಬಯಲು ಜಾಗಗಳ ಕಾಯ್ದೆ ಇರುವುದನ್ನು ಉಳಿಸಿಕೊಳ್ಳಲು ನೆರವಾಗುತ್ತದೆ. ಆದರೆ ಉಳಿಸಿಕೊಳ್ಳಲು ಏನೂ ಇಲ್ಲದ ಓಣಿಗೆ ಅದು ಏನನ್ನೂ ತಂದುಕೊಡುವುದಿಲ್ಲ. ಅದು ಪುರಸಭೆ, ಪಟ್ಟಣ ಪಂಚಾಯತುಗಳ ಬಜೆಟ್ಟಿನಲ್ಲಿ ತೀರ್ಮಾನವಾಗುವ ಮಾತು, ಯಾರ ಹೆಸರು ಮೊದಲು ಬರೆಯುತ್ತೇವೆ ಎನ್ನುವ ಮಾತು.

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರ ತನ್ನ ಪುಸ್ತಕದಲ್ಲಿ ಒಂದು ಪರೀಕ್ಷೆ ಸೂಚಿಸಿದ: ಸಮಾಜದಲ್ಲಿ ನಿನ್ನ ಸ್ಥಾನ ಯಾವುದೆಂದು ಗೊತ್ತಿಲ್ಲದೆ ನಿಯಮ ಬರೆ. ಉದ್ಯಾನಕ್ಕೆ ಇದನ್ನು ಅನ್ವಯಿಸಿದರೆ ನಾನು ಪದವಿನ ಮೇಲಿರಬಹುದು, ಹೊಳೆಯಂಚಿನಲ್ಲಿರಬಹುದು, ತೋಟದ ಮನೆಯಲ್ಲೂ ಇರಬಹುದು. ತೋಟದ ಮನೆಯವನಿಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಉಳಿದಿಬ್ಬರಿಗೆ ಏಪ್ರಿಲಿನ ಮಧ್ಯಾಹ್ನ ಮೈಯ ಪ್ರಶ್ನೆ. ಈ ತೂಕ ಕಷ್ಟದ್ದಲ್ಲ. ಆದರೂ ರಾಲ್ಸ್‌ನ ಪರೀಕ್ಷೆಯಲ್ಲಿ ಒಂದು ಕೊರತೆ ನನಗೆ ಕಾಣುತ್ತದೆ. ಕೋಣೆಯಲ್ಲಿ ಕೂತು ಎಲ್ಲರ ಸ್ಥಾನದಲ್ಲೂ ನಿಂತು ಯೋಚಿಸಬಲ್ಲೆ ಎಂದು ಅದು ನಂಬುತ್ತದೆ. ಹೊಗೆಸೊಪ್ಪಿನ ಪುಡಿ ಗಾಳಿಗೆ ಹಾರುತ್ತದೆ ಎನ್ನುವುದು ಯೋಚನೆಯಿಂದ ಸಿಗುವುದಿಲ್ಲ. ಆ ಜಗಲಿಗೆ ಹೋಗಿಯೇ ತಿಳಿಯಬೇಕು. ನ್ಯಾಯಕ್ಕೆ ನಿಷ್ಪಕ್ಷಪಾತ ಬೇಕು, ಜತೆಗೆ ಕಾಲ್ನಡಿಗೆಯೂ ಬೇಕು.

ಹವಾಮಾನದ ಬಗೆಗಿನ ವರದಿಗಳಲ್ಲಿ ಈಗ ‘ತಾಳಿಕೆ’ ಎನ್ನುವ ಮಾತು ಬಹಳ ಬಳಕೆಯಲ್ಲಿದೆ. ನಮ್ಮ ಬಡವರು ತಾಳಿಕೊಳ್ಳುವವರು ಎಂದು ಹೊಗಳುವ ಅಭ್ಯಾಸ ನಮಗೆ ಹಳೆಯದು. ಆ ಹೊಗಳಿಕೆಯಲ್ಲಿ ನಮ್ಮ ಹೊಣೆ ಇಳಿದುಹೋಗುತ್ತದೆ. ತಾಳಿಕೊಳ್ಳಬೇಕಾದದ್ದು ಉದ್ಯಾನ. ನೀರು ಬಂದಾಗ ಮುಳುಗಬೇಕಾದದ್ದು ಅದು, ಬಿಸಿಲು ಬಂದಾಗ ಕಾಯಬೇಕಾದದ್ದು ಅದರ ಮರದ ತಲೆ. ಮನುಷ್ಯರು ಅಷ್ಟು ಕಡಿಮೆ ತಾಳಿಕೊಂಡರೆ ಸಾಕು.

ಸಮಸ್ಯೆ ಕಾಲದ್ದು. ಇಂದು ನೆಟ್ಟ ರೆಂಜೆ ಒಳ್ಳೆಯ ನೆರಳು ಕೊಡಲು ಹತ್ತು, ಹದಿನೈದು ವರ್ಷ ಬೇಕು. ಸದಸ್ಯರ ಅವಧಿ ಐದು ವರ್ಷ, ನನ್ನ ಸಂಶೋಧನೆಯ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ನಾಳಿನ ಸೆಕೆಗೆ ಇಂದಿನ ಸಸಿ ಬೇಕು, ಇಂದಿನ ಸೆಕೆಗೆ ಇಂದೇ ಒಂದು ಹಂಚಿನ ಮಾಡು, ಮೋಟುಗೋಡೆಯ ಕಟ್ಟೆ, ಕುಡಿಯುವ ನೀರಿನ ನಳ್ಳಿ, ಒಂದು ಶೌಚಾಲಯ ಬೇಕು. ಮತ್ತು ಗಿಡಕ್ಕೆ ನೀರು ಹಾಕಲು, ಎಲೆ ಗುಡಿಸಲು ಅದೇ ಓಣಿಯ ಒಬ್ಬರಿಗೆ ತಿಂಗಳ ಸಂಬಳ ಬೇಕು. ಉದ್ಘಾಟನೆಯ ದಿನ ಕಲ್ಲಿನಲ್ಲಿ ಯಾರ ಹೆಸರು ಕೆತ್ತಿದರು ಎನ್ನುವುದಕ್ಕಿಂತ, ಎರಡು ಬೇಸಿಗೆ ಕಳೆದ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ಯಾರು ಕೂತಿದ್ದಾರೆ ಎಂದು ಯಾರಾದರೂ ಹೋಗಿ ಎಣಿಸಬೇಕು. ಯಾರೂ ಇಲ್ಲದಿದ್ದರೆ, ಯಾಕಿಲ್ಲ ಎಂದು ಪಕ್ಕದ ಜಗಲಿಯಲ್ಲಿ ಕೇಳಬೇಕು.